ಹಳೆಯ ಟ್ರಿಪ್ 35ರಲ್ಲಿ ಎಎಸ್‌ಎ ಎಷ್ಟಕ್ಕೆ ಇಡಬೇಕು?

ಪ್ರಶ್ನೆ: ಅಪ್ಪನ ಒಲಿಂಪಸ್ ಟ್ರಿಪ್ 35 ಫಿಲ್ಮ್ ಕ್ಯಾಮೆರಾ ಬೀರುವಿನಲ್ಲಿ ಸಿಕ್ಕಿದೆ. ಲೆನ್ಸ್ ಮುಂದಿನ ಬಳೆ ತಿರುಗಿಸಿದರೆ 25ರಿಂದ 400ರವರೆಗೆ ಎಎಸ್‌ಎ (ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದರ) ಅಂಕಿಗಳು ಕಾಣುತ್ತವೆ. ತಂದಿರುವ ಫಿಲ್ಮ್ ಕೊಡಕ್ ಗೋಲ್ಡ್ 200. ಮುಂದಿನ ವಾರ ಆಗುಂಬೆಗೆ ಹೊರಟಿದ್ದೇವೆ. ಮೋಡ ಕವಿದಾಗ 400, ಬಿಸಿಲು ಬಂದಾಗ 100 ಎಂದು ಬದಲಿಸುತ್ತಿರಬೇಕೇ? ಬಳಸಿ ಬಲ್ಲವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ: ಬದಲಿಸಲೇಬೇಡಿ. 200ಕ್ಕೆ ಇಟ್ಟು ರೋಲ್ ಮುಗಿಯುವ ತನಕ ಆ ಬಳೆಯನ್ನು ಮರೆತುಬಿಡಿ. ಡಿಜಿಟಲ್‌ನಲ್ಲಿ ಕಲಿತವರಿಗೆ ಈ ಸಂದೇಹ ಬಂದೇ ಬರುತ್ತದೆ. ಫಿಲ್ಮಿನ ವೇಗ, ಅಂದರೆ ಈ ಸೂಕ್ಷ್ಮತೆ, ಕಾರ್ಖಾನೆಯಲ್ಲೇ ತೀರ್ಮಾನವಾಗಿರುತ್ತದೆ; ಒಳಗೆ ಎಂಥ ಫಿಲ್ಮ್ ಇದೆ ಎಂದು ಬೆಳಕು ಅಳೆಯುವ ಮೀಟರಿಗೆ ತಿಳಿಸುವುದಷ್ಟೇ ಬಳೆಯ ಕೆಲಸ. ಮೋಡವಿದ್ದಾಗ 400 ಎಂದು ಸುಳ್ಳು ಹೇಳಿದರೆ ಕ್ಯಾಮೆರಾ ಬೇಕಾದ ಬೆಳಕಿನಲ್ಲಿ ಅರ್ಧವನ್ನೇ ಒಳಗೆ ಬಿಡುತ್ತದೆ. ಬೆಳಕು ಕಡಿಮೆ ಇರುವಲ್ಲಿ ಅದನ್ನು ಇನ್ನೂ ಕಡಿಮೆ ಮಾಡಿದಂತಾಯಿತು! ಎಎಸ್‌ಎ, ಐಎಸ್‌ಒ ಅಂಕಿಗಳು ಒಂದೇ, ಗೊಂದಲ ಬೇಡ.

ಇನ್ನೊಂದು ವಿಷಯ. ಅಪರ್ಚರ್ (ಬೆಳಕು ಒಳಬರುವ ಕಿಂಡಿಯ ಅಗಲ) ಬಳೆ ‘ಎ’ (ಆಟೊಮ್ಯಾಟಿಕ್) ಗುರುತಿನಲ್ಲೇ ಇರಲಿ. ಅಲ್ಲಿರುವ ಅಂಕಿಗಳು ಫ್ಲ್ಯಾಷ್‌ಗಾಗಿ ಇರುವವು. ಅಲ್ಲಿಗೆ ಸರಿದರೆ ಶಟರ್ ವೇಗ 1/40 ಸೆಕೆಂಡಿಗೇ ಸ್ಥಿರವಾಗಿಬಿಡುತ್ತದೆ.

ಹುಬ್ಬಳ್ಳಿಯಿಂದ, ರಿಪೇರಿ ಮಾಡುವವರು: ಅಂಕಿ ಸರಿಯಿದ್ದರೆ ಸಾಲದು, ಮೀಟರ್ ಬದುಕಿದೆಯೇ ನೋಡಿ. ಟ್ರಿಪ್ ತಯಾರಾದದ್ದು 1967ರಿಂದ 1984ರವರೆಗೆ. ಅದರಲ್ಲಿ ಬ್ಯಾಟರಿಯೇ ಇಲ್ಲ. ಲೆನ್ಸ್ ಸುತ್ತಲಿನ ಗುಳ್ಳೆಗುಳ್ಳೆಯಾದ ಹೊದಿಕೆಯ ಹಿಂದಿರುವ ಸೆಲೆನಿಯಮ್ ಕೋಶವೇ ಬೆಳಕಿನಿಂದ ವಿದ್ಯುತ್ ಹುಟ್ಟಿಸಿ ಮುಳ್ಳನ್ನು ಆಡಿಸುತ್ತದೆ. ಅಂಗೈಯಿಂದ ಲೆನ್ಸ್ ಪೂರ್ತಿ ಮುಚ್ಚಿ ಗುಂಡಿ ಒತ್ತಿ. ವ್ಯೂಫೈಂಡರಿನಲ್ಲಿ ಕೆಂಪು ಪಟ್ಟಿ ಮೇಲೆದ್ದು ಶಟರ್ ಬೀಳದಿರಬೇಕು. ಅಂಗಳದ ಬಿಸಿಲಿನಲ್ಲಿ ಪಟ್ಟಿ ಏಳಬಾರದು. ಬಿಸಿಲಿನಲ್ಲೂ ಎದ್ದರೆ ಕೋಶ ಸೋತಿದೆ ಎಂದು ಅನುಮಾನಿಸಿ.

ಅರೆಬರೆ ಸೋತ ಕೋಶವೂ ಉಂಟು. ಅದಕ್ಕೆ ಬೆಳಕು ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ಹಾಗಾಗಿ ಕ್ಯಾಮೆರಾ ಅಪರ್ಚರನ್ನು ಹೆಚ್ಚು ತೆರೆಯುತ್ತದೆ, ಚಿತ್ರಗಳು ಬೆಳ್ಳಗಾಗುತ್ತವೆ. ಮೊದಲ ರೋಲಿನ ನೆಗೆಟಿವ್‌ಗಳೆಲ್ಲ ದಟ್ಟವಾಗಿ, ಅಂದರೆ ಹೆಚ್ಚು ಬೆಳಕು ಬಿದ್ದು ಕಪ್ಪಾಗಿ, ಬಂದರೆ ಮುಂದಿನದಕ್ಕೆ 200ರ ಫಿಲ್ಮಿಗೂ 400 ಇಡಿ. ಬಳೆಯಲ್ಲಿ ಸುಳ್ಳು ಹೇಳಲು ನಾನು ಒಪ್ಪುವ ಸಂದರ್ಭ ಇದೊಂದೇ.

ಮಂಗಳೂರಿನಿಂದ: ನಾನು ಒಪ್ಪುವುದಿಲ್ಲ. ಮೀಟರ್ ಚೆನ್ನಾಗಿದ್ದರೂ ಗೋಲ್ಡ್‌ನಂಥ 200ರ ಕಲರ್ ನೆಗೆಟಿವ್ ಫಿಲ್ಮಿಗೆ 100 ಇಡುವುದೇ ನನ್ನ ರೂಢಿ. ಈ ಬಗೆಯ ಫಿಲ್ಮ್ ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಹೆಚ್ಚು ಎಂದರೆ ಎರಡು ಪಟ್ಟು) ಹೆಚ್ಚು ಬೆಳಕನ್ನು ಅರಗಿಸಿಕೊಳ್ಳುತ್ತದೆ. ಕಡಿಮೆಯಾದರೆ ನೆರಳೆಲ್ಲ ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ಅವಧಿ ಮೀರಿದ ಫಿಲ್ಮ್ ಸಿಕ್ಕರಂತೂ ಹತ್ತು ವರ್ಷಕ್ಕೆ ಒಂದು ಸ್ಟಾಪ್‌ನಂತೆ ಬಳೆಯ ಅಂಕಿಯನ್ನು ಇಳಿಸಿ, ಅಂದರೆ ಅರ್ಧ ಮಾಡಿ. ಸ್ಲೈಡ್ ಫಿಲ್ಮಿಗೆ (ನೆಗೆಟಿವ್ ಇಲ್ಲದೆ ನೇರ ಚಿತ್ರವೇ ಮೂಡುವ ಫಿಲ್ಮಿಗೆ) ಈ ಮಾತು ಹೊಂದದು. ಅದಕ್ಕೆ ಅರ್ಧ ಸ್ಟಾಪ್ ಏರುಪೇರೂ ಸಹನೆಯಾಗುವುದಿಲ್ಲ.

ಬೆಂಗಳೂರಿನಿಂದ: ಬಳೆ ಇರುವುದು ನಿಮ್ಮ ಭಾಗ್ಯ. ನನ್ನ ಆಟೊಮ್ಯಾಟಿಕ್ ಕ್ಯಾಮೆರಾದಲ್ಲಿ ಅದು ಇಲ್ಲವೇ ಇಲ್ಲ. ಫಿಲ್ಮ್ ಡಬ್ಬಿಯ ಮೇಲಿನ ಬೆಳ್ಳಿ–ಕಪ್ಪು ಚೌಕಗಳನ್ನು, ಅಂದರೆ ಕೊಡಕ್ 1983ರಲ್ಲಿ ತಂದ ಡಿಎಕ್ಸ್ ಕೋಡನ್ನು, ಓದಿಕೊಂಡು ತಾನೇ ವೇಗ ಹಾಕಿಕೊಳ್ಳುತ್ತದೆ. ಕೋಡ್ ಇಲ್ಲದಿದ್ದರೆ ಇಂಥ ಎಷ್ಟೋ ಕ್ಯಾಮೆರಾಗಳು 100 ಎಂದುಕೊಳ್ಳುತ್ತವೆ. ಸಿನಿಮಾ ಫಿಲ್ಮನ್ನು ಕತ್ತರಿಸಿ ಹಳೆಯ ಡಬ್ಬಿಗಳಲ್ಲಿ ಸುತ್ತಿ ಮಾರುವವರಿದ್ದಾರೆ. ಒಳಗೆ 500, ಹೊರಗಿನ ಕೋಡ್ ಮಾತ್ರ ಹಿಂದಿನ ರೋಲಿನದು! ಅಂಥದ್ದು ಕೊಂಡರೆ ಹಳೆಯ ಕೋಡಿನ ಮೇಲೆ ಸರಿಯಾದ ಕೋಡಿನ ಚೀಟಿ ಅಂಟಿಸಿ. ನಿಮ್ಮ ಟ್ರಿಪ್‌ಗೆ ಈ ತಾಪತ್ರಯವಿಲ್ಲ.

ಮೈಸೂರಿನಿಂದ, ಮತ್ತೆ: ಮಂಗಳೂರಿನವರ 100 ಬಯಲಿಗೆ ಸರಿ, ಆಗುಂಬೆಯ ಕಾಡಿಗಲ್ಲ. ಟ್ರಿಪ್ ಹೆಚ್ಚೆಂದರೆ ಎಫ್ 2.8 (ಅಪರ್ಚರ್ ಪೂರ್ತಿ ತೆರೆದದ್ದು), ಶಟರ್ 1/40 ಸೆಕೆಂಡಿನ ತನಕ ಹೋಗಬಲ್ಲದು. ಅಷ್ಟಕ್ಕೂ ಬೆಳಕು ಸಾಲದಿದ್ದರೆ ಕೆಂಪು ಪಟ್ಟಿ ಏಳುತ್ತದೆ. 100ಕ್ಕೆ ಇಟ್ಟರೆ ಅದು ಇನ್ನೂ ಬೇಗ ಏಳುತ್ತದೆ. ಗೋಲ್ಡ್ 200 ಘಾಟಿಯ ನೋಟಗಳಿಗೆ ಇರಲಿ. ಮರಗಳ ಅಡಿಗೆ ಹೋಗುವುದಿದ್ದರೆ 400ರ ರೋಲ್ ಒಂದನ್ನು ಕೊಂಡುಕೊಳ್ಳಿ, ಅದನ್ನು ಹಾಕಿದಾಗ ಬಳೆಯನ್ನು 400ಕ್ಕೆ ತಿರುಗಿಸಿ.