ತಾತನ ವೇಷದ ಪೆಟ್ಟಿಗೆ ವಿಶ್ವವಿದ್ಯಾಲಯದ ಮ್ಯೂಸಿಯಂಗೆ ಕೊಡಬಹುದಾ?

ತಿಪಟೂರಿನ ಮೊಮ್ಮಗಳು:

ತಿಪಟೂರು ಹತ್ತಿರದ ನಮ್ಮ ಹಳ್ಳಿ ಮನೆಯನ್ನು ಮುಂದಿನ ತಿಂಗಳು ಕೆಡವುತ್ತಿದ್ದೇವೆ. ತೊಲೆ, ಬಾಗಿಲು ಕೊಳ್ಳುವವನು ಆಗಲೇ ಬಂದು ಅಳತೆ ಹಿಡಿದುಕೊಂಡು ಹೋದ. ಉಳಿದಿರುವುದು ಅಟ್ಟದ ಮೇಲಿದ್ದ ಒಂದು ಮರದ ಪೆಟ್ಟಿಗೆ.

ನಮ್ಮ ತಾತ ಮೂಡಲಪಾಯ, ಅಂದರೆ ನಮ್ಮ ಬಯಲುಸೀಮೆ ಕಡೆಯ ಬಯಲಾಟ, ಆಡುತ್ತಿದ್ದರು. ಪೆಟ್ಟಿಗೆಯಲ್ಲಿ ಒಂದು ಕಿರೀಟ, ಎರಡು ಭುಜಕೀರ್ತಿ, ಒಂದು ಎದೆಹಾರ, ಒಂದೇ ಕಾಲಿನ ಗೆಜ್ಜೆ ಇದೆ. ಇನ್ನೊಂದು ಕಾಲಿನದು ಎತ್ತಿನ ಕೊರಳಿಗೆ ಹೋಯಿತಂತೆ, ಅಜ್ಜಿ ಹೇಳಿದ್ದು. ಭುಜಕೀರ್ತಿ ಕೈಗೆತ್ತಿಕೊಂಡರೆ ಹಪ್ಪಳದ ಹಾಗೆ ಹಗುರ. ಮರದ ಮೇಲೆ ಬೇಗಡೆ (ಹೊಳೆಯುವ ತೆಳು ತಗಡು) ಅಂಟಿಸಿದ್ದಾರೆ, ನಡುವೆ ಕನ್ನಡಿ ಚೂರು. ಒಂದರಲ್ಲಿ ಕನ್ನಡಿ ದುಂಡಗಿದೆ, ಇನ್ನೊಂದರಲ್ಲಿ ಚೌಕ. ಒಳಮೈಗೆ ಹಳೇ ಪಂಚೆ ಬಟ್ಟೆ. ಅದರ ಮೇಲೆ ಬೆವರಿನ ಕಲೆ ಇನ್ನೂ ಇದೆ.

ತಮ್ಮ ಟಿವಿ ಪಕ್ಕದ ಷೋಕೇಸಿನಲ್ಲಿ ಇಡೋಣ ಅಂತಾನೆ. ಚಿಕ್ಕಪ್ಪನಿಗೆ ಬೆಂಗಳೂರಿನ ಯಾರೋ ಹಳೇ ಸಾಮಾನಿನವರು ರೇಟು ಹೇಳಿದ್ದಾರಂತೆ. ನನಗೆ ಮ್ಯೂಸಿಯಂಗೆ ಕೊಡೋಣ ಅನ್ನಿಸುತ್ತದೆ, ಆದರೆ ಭಯ. ಹಿಂದೆ ಒಂದು ಕಡೆ ಮನೆಯ ತಾಳೆಗರಿ ಕಟ್ಟು ಕೊಟ್ಟಿದ್ದೆವು. ಎಷ್ಟೋ ವರ್ಷದ ಮೇಲೆ ಹೋಗಿ ಕೇಳಿದರೆ "ಯಾವ ಕಟ್ಟು?" ಅಂದರು.

ಮೈಸೂರಿಗೆ ಕೊಡೋದಾ? ಅಥವಾ ನಮ್ಮ ತುಮಕೂರಲ್ಲೇ ಒಂದು ಒಳ್ಳೆಯ ಮ್ಯೂಸಿಯಂ ಬೆಳೆಯಲಿ ಅಂತ ಕಾಯೋದಾ?

ಹಳೇ ಮೇಷ್ಟ್ರು:

ಮಾರಬೇಡಮ್ಮ, ಅದೊಂದು ಮಾತು ಮೊದಲು.

ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ ಹೇಗೆ ಬೆಳೆಯಿತು ಗೊತ್ತಾ? ಶುರುವಾದದ್ದು 1968ರಲ್ಲಿ. ಪಿ.ಆರ್. ತಿಪ್ಪೇಸ್ವಾಮಿ, ಜೀ.ಶಂ. ಪರಮಶಿವಯ್ಯನವರಂಥವರು ಊರೂರು ತಿರುಗಿ ಸಾಮಾನು ಕೂಡಿಸಿದರು. ತಿಪ್ಪೇಸ್ವಾಮಿಯವರು ಚಿತ್ರಕಾರರು, ಹಿರಿಯೂರು ಕಡೆಯವರು. ತೊಗಲುಗೊಂಬೆ, ಯಕ್ಷಗಾನದ ವೇಷ, ಒಕ್ಕಲುತನದ ಸಾಮಾನು, ಅಡುಗೆಮನೆಯ ಪಾತ್ರೆ, ಎಲ್ಲ ಸೇರಿ ಈಗ 6,500ಕ್ಕೂ ಜಾಸ್ತಿ. ಇವೆಲ್ಲ ಇರುವುದು ವಿಶ್ವವಿದ್ಯಾಲಯದ ಆವರಣ ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸದಲ್ಲಿ. 1905ರಲ್ಲಿ ಅರಮನೆಯ ಹೆಣ್ಣುಮಗಳಿಗೆಂದು ಕಟ್ಟಿಸಿದ ಬಂಗಲೆ ಅದು. ಕುವೆಂಪು ಅವರು ಕುಲಪತಿಯಾಗಿದ್ದ ಕಾಲದಲ್ಲಿ, 1959ರಲ್ಲಿ, ವಿಶ್ವವಿದ್ಯಾಲಯದ ಕೈಗೆ ಬಂತು. ರಾಜಕುಮಾರಿಯ ಮನೆಯೊಳಗೆ ನಮ್ಮ ಕೂರಿಗೆ, ಕೊಳಗ ಹೋಗಿ ಕೂತಿವೆ. ನನಗೆ ಅದೇ ಒಂದು ಖುಷಿ.

ಆದರೆ ಗಾರೆ, ಮರದ ಕಟ್ಟಡ ಅಂದರೆ ಒಂದು ಸಲದ ದುರಸ್ತಿಗೆ ಮುಗಿಯಲ್ಲ. ಹಿಂದೆ ಇನ್ಫೋಸಿಸ್ ಫೌಂಡೇಶನ್ ಕೋಟಿಗೂ ಮೇಲೆ ಖರ್ಚು ಮಾಡಿ ಸರಿಮಾಡಿಸಿತ್ತು. ಆಮೇಲೆ ಮತ್ತೆ ಕೆಟ್ಟಿತು. ಪಶ್ಚಿಮದ ಭಾಗಕ್ಕೆ ಅಮೆರಿಕದ ರಾಯಭಾರಿಗಳ ಸಂಸ್ಕೃತಿ ಸಂರಕ್ಷಣಾ ನಿಧಿಯಿಂದ ಹಣ ಬಂದು, ಡೆಕ್ಕನ್ ಹೆರಿಟೇಜ್ ಫೌಂಡೇಶನ್ ಜೊತೆ ಸೇರಿ ಕೆಲಸ ಹಿಡಿದರು. ಹೋಗುವ ಮುಂಚೆ ಫೋನು ಮಾಡಿ, ಯಾವ ಕೋಣೆ ತೆರೆದಿದೆ, ಹೊಸ ಸಾಮಾನು ತೆಗೆದುಕೊಳ್ಳುತ್ತಾರಾ ಕೇಳಿಕೊಳ್ಳಿ.

ಬಂಗಾರಪೇಟೆ ಪ್ಯಾಸೆಂಜರ್:

ನಾನು ಮೇಷ್ಟ್ರ ಹಾಗೆ ಓದಿಕೊಂಡವನಲ್ಲ. ಒಂದೇ ಮಾತು. ತಮಟೆಯನ್ನು ಗೋಡೆಗೆ ನೇತುಹಾಕಿ ಕೆಳಗೆ "ತಮಟೆ, ಚರ್ಮವಾದ್ಯ" ಅಂತ ಚೀಟಿ ಅಂಟಿಸಿರುತ್ತಾರೆ. ಅದನ್ನು ಬೆಂಕಿಗೆ ಕಾಯಿಸಿದರೆ ಸದ್ದು ಹೇಗೆ ಬದಲಾಗುತ್ತದೆ ಅಂತ ಆ ಚೀಟಿ ಹೇಳುತ್ತದಾ? ನಮ್ಮ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆಗೇ ಬಂತು. ತುಮಕೂರು ವಿಶ್ವವಿದ್ಯಾಲಯ 2004ರದ್ದು, ನಮ್ಮ ಕೋಲಾರದ್ದು (ಬೆಂಗಳೂರು ಉತ್ತರ ವಿಶ್ವವಿದ್ಯಾಲಯ) 2017ರದ್ದು. ಎರಡೂ ಹೊಸವು. ಮುಂದೆ ಮ್ಯೂಸಿಯಂ ಕಟ್ಟುವುದಾದರೆ ಗಾಜಿನ ಪೆಟ್ಟಿಗೆಗಿಂತ ಮೊದಲು ಒಂದು ರೆಕಾರ್ಡಿಂಗ್ ಕೋಣೆ ಮಾಡಲಿ. ಮೂಡಲಪಾಯಕ್ಕೆ ಮುಖವೀಣೆ ಊದುವವರು ನಿಮ್ಮ ಕಡೆ ಎಷ್ಟು ಜನ ಉಳಿದಿದ್ದಾರೆ ಅಕ್ಕಾ?

ಸ್ಟೋರ್‌ರೂಮ್ ಹುಡುಗಿ:

ನಾನು ಒಂದು ಮ್ಯೂಸಿಯಂನಲ್ಲಿ ಮೂರು ವರ್ಷ ಗುತ್ತಿಗೆ ಕೆಲಸ ಮಾಡಿದ್ದೇನೆ. ಎಲ್ಲಿ ಅಂತ ಕೇಳಬೇಡಿ. ನಿಮ್ಮ ತಾಳೆಗರಿ ಕಟ್ಟು ಕಳೆದುಹೋಗಿರಲಿಕ್ಕಿಲ್ಲ. ರಿಜಿಸ್ಟರಿಗೆ ಏರದೆ ಯಾವುದೋ ಬೀರುವಿನಲ್ಲಿ ಬಿದ್ದಿರುತ್ತದೆ. ಅಲ್ಲಿ ನಂಬರು ಬೀಳದ ಸಾಮಾನು ಇದ್ದೂ ಇಲ್ಲದ ಹಾಗೇ.

ಆದ್ದರಿಂದ ಬರೀ ರಸೀದಿ ತಗೊಂಡು ಬರಬೇಡಿ. ಆಕ್ಸೆಷನ್ ರಿಜಿಸ್ಟರಿನಲ್ಲಿ, ಅಂದರೆ ಮ್ಯೂಸಿಯಂಗೆ ಸೇರಿದ ಸಾಮಾನಿನ ದಾಖಲೆ ಪುಸ್ತಕದಲ್ಲಿ, ಬರೆದ ನಂಬರು ಕೇಳಿ. ಅದೇ ನಂಬರನ್ನು ಸಾಮಾನಿನ ಮೇಲೂ ಹಾಕುತ್ತಾರೆ. ದಾನವೋ, ಇಷ್ಟು ವರ್ಷಕ್ಕೆ ಅಂತ ಎರವಲೋ, ಕಾಗದದಲ್ಲಿ ಇರಲಿ. ಎಲ್ಲವನ್ನೂ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನೊಂದು, ದಯವಿಟ್ಟು ಪಾಲಿಶ್ ಮಾಡಿಸಬೇಡಿ! ಚೆನ್ನಾಗಿ ಕಾಣಲಿ ಅಂತ ಕೊಡುವ ಮುಂಚೆ ಗೋಲ್ಡ್ ಪೇಂಟ್ ಹೊಡೆಸಿಕೊಂಡು ಬಂದವರನ್ನು ನೋಡಿದ್ದೇನೆ. ಒದ್ದೆ ಬಟ್ಟೆಯಲ್ಲಿ ಒರೆಸಲೂ ಬೇಡಿ, ಬೇಗಡೆ ಎದ್ದು ಬರುತ್ತದೆ. ಒಣಗಿದ ಮೆತ್ತನೆ ಬ್ರಷ್ ಸಾಕು. ಆ ಬೆವರಿನ ಕಲೆ ಹಾಗೇ ಇರಲಿ. ನಿಮ್ಮ ತಾತ ಅದನ್ನು ಹೇಗೆ ಕಟ್ಟಿಕೊಳ್ಳುತ್ತಿದ್ದರು ಅಂತ ತೋರಿಸುವುದು ಅದೊಂದೇ.

ಮೈಸೂರೋ ತುಮಕೂರೋ ಆಮೇಲೆ ನೋಡೋಣ. ಇವತ್ತು ಸಂಜೆ ಅಜ್ಜಿ ಪಕ್ಕ ಕೂತು, ಮೊಬೈಲಲ್ಲಿ ರೆಕಾರ್ಡ್ ಹಾಕಿ, ಒಂದೊಂದೇ ಸಾಮಾನು ಅವರ ಕೈಗೆ ಕೊಡಿ. ಯಾರು ಮಾಡಿದ್ದು, ಯಾವ ಪಾತ್ರಕ್ಕೆ, ಎಲ್ಲೆಲ್ಲಿ ಆಡಿದರು ಅಂತ ಕೇಳಿ. ಸಾಮಾನು ಬಂದ ಮೇಲೆ ನಾವು ಎಷ್ಟು ಹುಡುಕಿದರೂ ಸಿಗದೇ ಇರುವುದು ಅದು.

ತಿಪಟೂರಿನ ಮೊಮ್ಮಗಳು:

ಎಲ್ಲರಿಗೂ ಥ್ಯಾಂಕ್ಸ್. ಬಂಗಾರಪೇಟೆಯವರೇ, ಮುಖವೀಣೆಯವರನ್ನು ವಿಚಾರಿಸುತ್ತಿದ್ದೇನೆ. ಸ್ಟೋರ್‌ರೂಮ್ ಹುಡುಗಿ ಹೇಳಿದಂತೆ ನಿನ್ನೆ ಅಜ್ಜಿ ಹತ್ತಿರ ಕೂತೆ. ಕಿರೀಟ ಕೊಟ್ಟೆ, ಕರಿಭಂಟನ ಆಟದ್ದು ಅಂದರು. ದುಂಡು ಕನ್ನಡಿಯ ಭುಜಕೀರ್ತಿ ಕೊಟ್ಟೆ, ಸುಮ್ನೆ ಸವರಿದರು. ಚೌಕ ಕನ್ನಡಿಯದು ಕೊಟ್ಟ ತಕ್ಷಣ "ಇದು ನಿಮ್ಮ ತಾತಂದಲ್ಲ ಕಣೇ" ಅಂದುಬಿಟ್ಟರು.

ಒಂದು ರಾತ್ರಿ ಆಟದ ನಡುವೆ ಮಳೆ ಬಂದು ಎಲ್ಲರೂ ಕತ್ತಲಲ್ಲಿ ವೇಷ ಬಿಚ್ಚಿ ಓಡಿದ್ದರಂತೆ. ಆಗ ಪಕ್ಕದ ಊರಿನ ಎದುರು ವೇಷದವರದು ನಮ್ಮ ಪೆಟ್ಟಿಗೆಗೆ ಬಂತು, ನಮ್ಮದೊಂದು ಅವರ ಪೆಟ್ಟಿಗೆಗೆ ಹೋಯಿತು. "ಮುಂದಿನ ಆಟಕ್ಕೆ ಬದಲಾಯಿಸಿಕೊಳ್ಳೋಣ ಅಂದುಕೊಂಡರು. ಮುಂದಿನ ಆಟ ಆಗಲೇ ಇಲ್ಲ."

ಅವರ ಮಗ ಇನ್ನೂ ಅದೇ ಊರಲ್ಲಿದ್ದಾರಂತೆ. ಭಾನುವಾರ ಪೆಟ್ಟಿಗೆ ತಗೊಂಡು ಹೋಗಿ ಬರ್ತೀನಿ. ಅಲ್ಲಿಯವರೆಗೆ ಮ್ಯೂಸಿಯಂಗೆ ಫೋನು ಮಾಡಲ್ಲ.