ಹಳೆಯ ಅಂಬಾಸಿಡರಿನ ವೈರಿಂಗ್ ತೊಂದರೆ: ಸಾಮಾನು ಬದಲಿಸುವ ಮೊದಲು ಅರ್ಥಿಂಗ್ ನೋಡಿ

ಪ್ರಶ್ನೆ (ಜಮಖಂಡಿಯಿಂದ)

ಮಿಸ್ತ್ರಿಯವರಿಗೆ ನಮಸ್ಕಾರ. ನಮ್ಮ ಮನೆಯಲ್ಲಿ 1972ರ ಅಂಬಾಸಿಡರ್ ಮಾರ್ಕ್ 2 ಕಾರು ಇದೆ. ತಂದೆಯವರು ಕೊಂಡದ್ದು. ಇಂಜಿನ್ ಇಂದಿಗೂ ಗಟ್ಟಿಯಾಗಿದೆ, ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಕೂಡ ಮೊದಲಿನದೇ ಇದೆ. ಆದರೆ ಕಳೆದ ಮಳೆಗಾಲದ ನಂತರ ಕರೆಂಟಿನ ತೊಂದರೆಗಳು ಒಂದರ ಹಿಂದೆ ಒಂದು ಬರುತ್ತಿವೆ. ಹೆಡ್‌ಲೈಟು ಬಹಳ ಮಂದವಾಗಿದೆ. ಬಲಗಡೆಯ ಇಂಡಿಕೇಟರ್ ಹಾಕಿದರೆ ಅದೇ ಬದಿಯ ಹಿಂದಿನ ಕೆಂಪು ದೀಪವೂ ಅದರ ಜೊತೆಗೆ ಮಿಣುಕುತ್ತದೆ. ಸೆಲ್ಫ್ ಹೊಡೆದರೆ ಇಂಜಿನ್ ನಿಧಾನವಾಗಿ ತಿರುಗುತ್ತದೆ. ಹೊಸ ಬ್ಯಾಟರಿ ಹಾಕಿಸಿದರೂ ಫರಕು ಬೀಳಲಿಲ್ಲ. ಇಲ್ಲಿಯ ಒಬ್ಬ ಎಲೆಕ್ಟ್ರಿಷಿಯನ್ ಡೈನಮೋ ತೆಗೆದು ಅದೇ ಕೆಲಸ ಮಾಡುವ ಹೊಸ ಬಗೆಯ ಆಲ್ಟರ್ನೇಟರ್ ಕೂಡಿಸಿರಿ ಎಂದರು, ಇನ್ನೊಬ್ಬರು ವೈರಿಂಗ್ ಪೂರ್ತಿ ಹೊಸದಾಗಿ ಎಳೆಯಬೇಕು ಎಂದರು. ಮೊನ್ನೆ ಬಿಟ್ಟೂಬಿಡದೆ ಸೆಲ್ಫ್ ಹೊಡೆದಾಗ ಚೋಕಿನ ತಂತಿಯೂ ಕೈಗೆ ಬಿಸಿ ಹತ್ತಿತು. ಕಬ್ಬಿನ ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದ ಟ್ರೇಲರುಗಳು ರಸ್ತೆಯ ತುಂಬ ಇರುತ್ತವೆ. ಈ ಬೆಳಕಿನಲ್ಲಿ ರಾತ್ರಿ ವಿಜಯಪುರಕ್ಕೆ ಹೋಗುವುದಕ್ಕೆ ಧೈರ್ಯವಾಗುತ್ತಿಲ್ಲ. ಯಾವುದನ್ನು ಮೊದಲು ಮಾಡಿಸಬೇಕು ಎಂದು ತಿಳಿಸಿರಿ.

ಉತ್ತರ (ಬೆಳಗಾವಿಯ ಆಟೊ ಎಲೆಕ್ಟ್ರಿಷಿಯನ್)

ನಮಸ್ಕಾರ ಸರ್. ಚೋಕಿನ ತಂತಿ ಬಿಸಿಯಾದದ್ದನ್ನು ನೀವು ಎಲ್ಲ ಹೇಳಿ ಮುಗಿಸಿ ಕೊನೆಗೆ ಬರೆದಿದ್ದೀರಿ, ಆದರೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಅದೇ. ಕೆಳಗೆ ಹೇಳುವ ಪರೀಕ್ಷೆ ಮಾಡುವವರೆಗೆ ದಯವಿಟ್ಟು ಮತ್ತೆ ಸೆಲ್ಫ್ ಹೊಡೆಯಬೇಡಿರಿ. ಆ ತಂತಿ ಕಾದು ಕೆಂಪಗಾಗಿ ಅದರ ಹೊದಿಕೆ ಸುಡುವುದುಂಟು, ಮತ್ತು ಅದರ ಇನ್ನೊಂದು ತುದಿ ಇರುವುದು ಪೆಟ್ರೋಲ್ ತುಂಬಿದ ಕಾರ್ಬ್ಯುರೇಟರಿನ ಮೇಲೆ.

ಕಾರಿನಲ್ಲಿ ಬ್ಯಾಟರಿಯಿಂದ ಬಲ್ಬಿನವರೆಗೆ ಹೋಗುವುದಕ್ಕೆ ಮಾತ್ರ ವೈರ್ ಇರುತ್ತದೆ. ಮರಳಿ ಬರುವುದಕ್ಕೆ ಬಾಡಿಯ ತಗಡೇ ದಾರಿ, ಇದನ್ನೇ ಅರ್ಥಿಂಗ್ ಎನ್ನುವುದು. ಇಂಜಿನ್ ರಬ್ಬರಿನ ಮೌಂಟಿಂಗ್ ಮೇಲೆ ಕೂತಿರುವುದರಿಂದ ಅದಕ್ಕೂ ಬಾಡಿಗೂ ನೇರ ಸಂಪರ್ಕವಿರುವುದಿಲ್ಲ, ಆ ಸಂಪರ್ಕವನ್ನು ತಾಮ್ರದ ಎಳೆ ಹೆಣೆದ ಒಂದು ಪಟ್ಟಿ ಕೊಡುತ್ತದೆ. ಸೆಲ್ಫ್ ಮೋಟರು ತಿರುಗುವಾಗ ನೂರು ಆಂಪಿಯರಿಗಿಂತ ಹೆಚ್ಚು ಕರೆಂಟು ಎಳೆಯುತ್ತದೆ. ಪಟ್ಟಿ ತುಂಡಾಗಿದ್ದರೆ, ಅಥವಾ ಪೇಂಟ್ ಹೊಡೆದ ಜಾಗದ ಮೇಲೆ ಅದರ ಬೋಲ್ಟ್ ಬಿಗಿದಿದ್ದರೆ, ಕಾಲುವೆ ಕಟ್ಟಿಕೊಂಡಾಗ ನೀರು ಬದುವಿನ ಬಿರುಕಿನಲ್ಲಿ ನುಗ್ಗುವಂತೆ ಆ ಕರೆಂಟೆಲ್ಲ ಚೋಕಿನ ತಂತಿ, ಸ್ಪೀಡೋಮೀಟರಿನ ಕೇಬಲ್ ಇಂಥವುಗಳ ಮೂಲಕ ದಾರಿ ಹುಡುಕುತ್ತದೆ. ನಿಮ್ಮ ಇಂಜಿನ್ ನಿಧಾನವಾಗಿ ತಿರುಗುವುದಕ್ಕೂ ತಂತಿ ಬಿಸಿಯಾಗುವುದಕ್ಕೂ ಕಾರಣ ಇದೊಂದೇ ಎಂದು ನನಗೆ ಹೆಚ್ಚುಕಡಿಮೆ ಖಾತ್ರಿಯಿದೆ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಎಂಬುದನ್ನು ಮೊದಲು ನೋಡಿಕೊಳ್ಳಿರಿ, ಏಕೆಂದರೆ ಬ್ರಿಟಿಷ್ ಮೂಲದ ಹಳೆಯ ಕಾರುಗಳಲ್ಲಿ ಪಾಸಿಟಿವ್ ತುದಿಯನ್ನು ಬಾಡಿಗೆ ಕೊಡುವ ಪದ್ಧತಿಯೂ ಇತ್ತು. ನೆಗೆಟಿವ್ ಬಾಡಿಗೆ ಸೇರಿದೆ ಎಂದುಕೊಂಡು ಮುಂದಿನದನ್ನು ಹೇಳುತ್ತೇನೆ. ಇಂಜಿನ್ ಸ್ಟಾರ್ಟ್ ಆಗದಂತೆ ಇಗ್ನಿಶನ್ ಕಾಯಿಲಿಗೆ ಬರುವ ಬಿಳಿ ವೈರನ್ನು ಬಿಚ್ಚಿ ಟೇಪ್ ಸುತ್ತಿಡಿರಿ. ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಗೂಟಕ್ಕೆ, ಅಂದರೆ ಮೇಲಿನ ಕ್ಲ್ಯಾಂಪಿಗಲ್ಲ, ಸೀಸದ ಗೂಟಕ್ಕೇ ಹಿಡಿಯಿರಿ. ಇನ್ನೊಂದನ್ನು ಇಂಜಿನ್ ಬ್ಲಾಕಿನ ಮೇಲೆ ಸ್ವಚ್ಛವಾಗಿರುವ ಯಾವುದಾದರೂ ಬೋಲ್ಟಿಗೆ ಹಿಡಿಯಿರಿ. ಮನೆಯವರೊಬ್ಬರಿಂದ ಎರಡು ಸೆಕೆಂಡು ಮಾತ್ರ ಸೆಲ್ಫ್ ಹೊಡೆಸಿರಿ. ಮೀಟರ್ 0.2 ಅಥವಾ 0.3 ವೋಲ್ಟ್ ತೋರಿಸಿದರೆ ಅರ್ಥಿಂಗ್ ಸರಿಯಿದೆ. ಒಂದು ವೋಲ್ಟನ್ನು ದಾಟಿದರೆ ದೋಷ ಅಲ್ಲಿಯೇ ಇದೆ.

ಸೆಲ್ಫ್ ಹೊಡೆಯುವಾಗಲೇ ಅಳೆಯಿರಿ ಎಂದು ಹೇಳುವುದಕ್ಕೆ ಕಾರಣವಿದೆ. ಮಲ್ಟಿಮೀಟರ್ ತಾನು ಎಳೆಯುವ ಕರೆಂಟು ಅತ್ಯಲ್ಪ. ಇಪ್ಪತ್ತು ಎಳೆಗಳ ವೈರಿನಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ಬರುತ್ತಿದೆ ಎಂದೇ ತೋರಿಸುತ್ತದೆ, ಹೆಚ್ಚು ಕರೆಂಟು ಎಳೆದಾಗ ಮಾತ್ರ ವೋಲ್ಟೇಜು ಕುಸಿಯುತ್ತದೆ. ಲೋಡ್ ಇಲ್ಲದೆ, ಅಂದರೆ ಕರೆಂಟು ಎಳೆಯುವುದು ಏನೂ ಇಲ್ಲದಿರುವಾಗ ಅಳೆದು "ಸಪ್ಲೈ ಬರ್ತಾ ಇದೆ" ಎಂದು ತೀರ್ಮಾನಿಸಿ ಮೋಟರನ್ನೋ ಡೈನಮೋವನ್ನೋ ಬದಲಿಸುವುದರಿಂದಲೇ ಹಳೆಯ ಕಾರುಗಳ ಮಾಲೀಕರ ಹಣ ಹಾಳಾಗುತ್ತದೆ. ನನಗೆ ಬಹಳ ಬೇಸರ ತರುವ ವಿಷಯ ಇದು.

ಹಿಂದಿನ ದೀಪದ ತೊಂದರೆಯೂ ಅದೇ ಜಾತಿಯದು, ಜಾಗ ಮಾತ್ರ ಬೇರೆ. ಕೆಂಪು ದೀಪ, ಬ್ರೇಕ್ ದೀಪ, ಇಂಡಿಕೇಟರ್ ಮೂರಕ್ಕೂ ಮರಳುವ ದಾರಿ ಆ ಲ್ಯಾಂಪಿನ ಒಂದೇ ಅರ್ಥಿಂಗ್. ಅದು ತುಕ್ಕು ಹಿಡಿದಾಗ ಇಂಡಿಕೇಟರಿನ ಕರೆಂಟು ಪಕ್ಕದ ಬಲ್ಬಿನ ಫಿಲಮೆಂಟಿನ ಮೂಲಕ ಹಿಂದಕ್ಕೆ ಹೋಗುತ್ತದೆ, ಹಾಗಾಗಿ ಎರಡೂ ಕೂಡಿ ಮಿಣುಕುತ್ತವೆ. ಡಿಕ್ಕಿಯ ಒಳಗಿನಿಂದ ಲ್ಯಾಂಪ್ ಬಿಚ್ಚಿ, ಹೋಲ್ಡರು ಮತ್ತು ಅದು ಕೂಡುವ ತಗಡನ್ನು ಪಾಲಿಶ್ ಪೇಪರಿನಿಂದ ಹೊಳೆಯುವವರೆಗೆ ತಿಕ್ಕಿ, ಮತ್ತೆ ಬಿಗಿದು ಮೇಲೆ ಸ್ವಲ್ಪ ವ್ಯಾಸಲಿನ್ ಹಚ್ಚಿರಿ. ಹೆಡ್‌ಲೈಟಿನ ವಿಚಾರವನ್ನು ಇದಾದ ಮೇಲೆ ನೋಡೋಣ.

ಮರುಪ್ರಶ್ನೆ (ಜಮಖಂಡಿಯಿಂದ)

ನೀವು ಹೇಳಿದಂತೆಯೇ ಆಯಿತು. ನಮ್ಮದು ನೆಗೆಟಿವ್ ಅರ್ಥಿಂಗ್. ಸೆಲ್ಫ್ ಹೊಡೆದಾಗ ಗೂಟಕ್ಕೂ ಬ್ಲಾಕಿಗೂ ನಡುವೆ 3.8 ವೋಲ್ಟ್ ಬಂದಿತು. ಕಾರಿನ ಕೆಳಗೆ ನೋಡಿದರೆ ಪಟ್ಟಿ ಲಗ್ಗಿನ (ಬೋಲ್ಟ್ ಬಿಗಿಯುವ ತುದಿಯ) ಹತ್ತಿರ ಹಸಿರುಗಟ್ಟಿ, ಎಳೆಗಳು ಒಂದೊಂದಾಗಿ ಹರಿದು, ನಾಲ್ಕೈದರ ಮೇಲೆ ನೇತಾಡುತ್ತಿತ್ತು. ಹೊಸ ಪಟ್ಟಿ ಹಾಕಿದ ಮೇಲೆ 0.15 ವೋಲ್ಟ್ ಬರುತ್ತಿದೆ, ಚೋಕಿನ ತಂತಿ ತಣ್ಣಗಿದೆ, ಸೆಲ್ಫ್ ಜೋರಾಗಿ ತಿರುಗುತ್ತಿದೆ. ಹಿಂದಿನ ದೀಪವೂ ಸರಿಹೋಗಿದೆ. ಆದರೆ ಹೆಡ್‌ಲೈಟು ಇನ್ನೂ ಮಂದವೇ. ಬ್ಯಾಟರಿಯ ಮೇಲೆ 12.5 ಇರುವಾಗ ಬಲ್ಬಿನ ಎರಡು ಕಾಲುಗಳ ನಡುವೆ 10.1 ವೋಲ್ಟ್ ಮಾತ್ರ ಇದೆ. ಇಂಜಿನ್ ಐಡಲಿಂಗಿನಲ್ಲಿದ್ದಾಗ ಇನ್ನೂ ಇಳಿಯುತ್ತದೆ.

ಉತ್ತರ

ಬಹಳ ಸಂತೋಷ. ಡೈನಮೋ ತೆಗೆಸದೆ ಇದ್ದದ್ದು ಒಳ್ಳೆಯದಾಯಿತು.

ಈಗ 2.4 ವೋಲ್ಟ್ ದಾರಿಯಲ್ಲಿ ಎಲ್ಲಿಯೋ ಸೋರುತ್ತಿದೆ. ಇದು ಸಣ್ಣ ಸೋರಿಕೆಯಲ್ಲ, ಏಕೆಂದರೆ ಬಲ್ಬಿಗೆ ವೋಲ್ಟೇಜು ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ನೂರಕ್ಕೆ ಸುಮಾರು ಮೂವತ್ತು ಕಡಿಮೆಯಾಗುತ್ತದೆ, ನಿಮ್ಮಲ್ಲಿ ಹತ್ತೊಂಬತ್ತು ಕಡಿಮೆಯಾಗಿದೆ. ಬ್ರಿಟನ್ನಿನ ಲೂಕಸ್ ಕಂಪನಿಯ ಹಳೆಯ ಪದ್ಧತಿಯ ವೈರಿಂಗಿನಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಬ್ಯಾಟರಿಯಿಂದ ಡೈನಮೋದ ಚಾರ್ಜನ್ನು ಹತೋಟಿಯಲ್ಲಿಡುವ ಕಟೌಟ್ ಪೆಟ್ಟಿಗೆಗೆ, ಅಲ್ಲಿಂದ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ, ಅಲ್ಲಿಂದ ಹೈ ಬೀಮ್, ಡಿಪ್ ಬದಲಿಸಲು ಕಾಲಿನಿಂದ ಒತ್ತುವ ಡಿಪ್ಪರಿಗೆ, ಕೊನೆಗೆ ರೇಡಿಯೇಟರಿನ ಹತ್ತಿರದ ಸಣ್ಣ ಕನೆಕ್ಟರುಗಳ ಮೂಲಕ ಬಲ್ಬಿಗೆ ಬರುತ್ತದೆ. ಬಣ್ಣಗಳು ಮೂಲದಂತೆ ಉಳಿದಿದ್ದರೆ ಹುಡುಕುವುದು ಸುಲಭ: ಕಂದು ವೈರ್ ಬ್ಯಾಟರಿಯಿಂದ ಸದಾ ಕರೆಂಟು ಇರುವುದು, ಬಿಳಿ ವೈರ್ ಕೀಲಿ ತಿರುಗಿಸಿದ ಮೇಲೆ ಬರುವುದು, ಹಸಿರು ಅದೇ ಕರೆಂಟು ಫ್ಯೂಸ್ ದಾಟಿದ ಮೇಲಿನದು, ಕೆಂಪು ಸಣ್ಣ ದೀಪಗಳದು, ಕಪ್ಪು ಅರ್ಥಿಂಗ್. ನೀಲಿ ಹೆಡ್‌ಲೈಟಿನದು, ಅದರ ಮೇಲೆ ಬಿಳಿ ಗೆರೆ ಇದ್ದರೆ ಹೈ ಬೀಮ್, ಕೆಂಪು ಗೆರೆ ಇದ್ದರೆ ಡಿಪ್.

ಹೆಡ್‌ಲೈಟು ಹಾಕಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಗೂಟಕ್ಕೆ ಉದ್ದ ವೈರಿನಿಂದ ಖಾಯಂ ಹಿಡಿಸಿಟ್ಟು, ಇನ್ನೊಂದನ್ನು ಈ ದಾರಿಯ ಒಂದೊಂದು ನಿಲ್ದಾಣಕ್ಕೆ ಮುಟ್ಟಿಸುತ್ತ ಬನ್ನಿರಿ. ಮೀಟರ್ ತೋರಿಸುವುದು ಅಲ್ಲಿಯವರೆಗೆ ಸೋರಿದ ವೋಲ್ಟೇಜನ್ನು. ಎಲ್ಲಿ ಅಂಕಿ ಒಮ್ಮೆಲೆ ಏರುತ್ತದೆಯೋ ಅದರ ಹಿಂದಿನ ತುಂಡಿನಲ್ಲಿ ದೋಷವಿದೆ. ನನ್ನ ಅನುಮಾನ ಡಿಪ್ಪರಿನ ಮೇಲೆ: ಅದು ಚಾಲಕರ ಪಾದದ ಬಳಿ ಇರುವುದರಿಂದ ನಮ್ಮ ಕಡೆಯ ಕರಿಮಣ್ಣಿನ ದೂಳು ಮತ್ತು ಚಪ್ಪಲಿಯ ನೀರು ಅದರೊಳಗೇ ಹೋಗುತ್ತದೆ.

ಐಡಲಿಂಗಿನಲ್ಲಿ ಬೆಳಕು ಇಳಿಯುವುದನ್ನು ದೋಷವೆಂದು ತಿಳಿಯಬೇಡಿರಿ. ಡೈನಮೋ ಆ ವೇಗದಲ್ಲಿ ಚಾರ್ಜ್ ಮಾಡುವುದೇ ಇಲ್ಲ. ಪೂರ್ತಿ ತಿರುಗಿದಾಗಲೂ ಈ ಬಗೆಯ ಡೈನಮೋ ಕೊಡುವುದು 20 ಆಂಪಿಯರಿನ ಆಸುಪಾಸು. ಆದ್ದರಿಂದ ಬೆಳಕು ಸಾಲದೆಂದು ಯಾರಾದರೂ 100 ವ್ಯಾಟಿನ ಬಲ್ಬ್ ಹಾಕಲು ಹೇಳಿದರೆ ಒಪ್ಪಬೇಡಿರಿ. ಎರಡು ಬಲ್ಬುಗಳೇ ಸುಮಾರು 17 ಆಂಪಿಯರ್ ತಿನ್ನುತ್ತವೆ, ಹಳೆಯ ಸ್ವಿಚ್ಚೂ ಕರಗುತ್ತದೆ.

ಮರುಪ್ರಶ್ನೆ (ಜಮಖಂಡಿಯಿಂದ)

ಡ್ಯಾಶ್‌ಬೋರ್ಡಿನ ಸ್ವಿಚ್ಚು ದಾಟಿದ ಮೇಲೆ 0.5, ಡಿಪ್ಪರ್ ದಾಟಿದ ಮೇಲೆ 1.7, ಬಲ್ಬಿನ ಹತ್ತಿರ 2.1 ಬಂದಿತು. ಅರ್ಥಿಂಗ್ ಬದಿಯಲ್ಲಿ 0.3 ಇದೆ. ಹೊಸ ಡಿಪ್ಪರ್ ಹಾಕಿದರೆ ಸಾಕೇ?

ಉತ್ತರ

ಡಿಪ್ಪರ್ ಒಂದೇ 1.2 ವೋಲ್ಟ್ ತಿನ್ನುತ್ತಿದೆ, ಅದನ್ನು ಬದಲಿಸಲೇಬೇಕು. ಕನೆಕ್ಟರುಗಳನ್ನೂ ಬಿಚ್ಚಿ ತಿಕ್ಕಿ ಕೂಡಿಸಿರಿ. ಆದರೆ ಇಷ್ಟಕ್ಕೇ ನಿಲ್ಲಿಸದೆ ಡಿಪ್ಪಿಗೊಂದು, ಹೈ ಬೀಮಿಗೊಂದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು, ಹಾಕಿಸುವುದು ಉತ್ತಮ. ಬ್ಯಾಟರಿಯಿಂದ 2.5 ಚದರ ಮಿಲಿಮೀಟರಿನ ವೈರನ್ನು ಫ್ಯೂಸಿನ ಮೂಲಕ ರಿಲೇಯ 30ನೇ ಪಿನ್ನಿಗೆ, 87ರಿಂದ ಅಷ್ಟೇ ದಪ್ಪದ ವೈರನ್ನು ಬಲ್ಬುಗಳಿಗೆ ಕೊಡಿರಿ; ಡಿಪ್ಪರಿನಿಂದ ಬರುವ ಹಳೆಯ ನೀಲಿ ವೈರನ್ನು 86ಕ್ಕೆ ಕೂಡಿಸಿ 85ನ್ನು ಬಾಡಿಗೆ ಬಿಗಿಯಿರಿ. ಆಗ ಹಳೆಯ ಸ್ವಿಚ್ಚಿನಲ್ಲೂ ಡಿಪ್ಪರಿನಲ್ಲೂ ಹರಿಯುವುದು ರಿಲೇ ಎಳೆಯುವ ಅರ್ಧ ಆಂಪಿಯರಿಗಿಂತ ಕಡಿಮೆ ಕರೆಂಟು, ಅವು ಇನ್ನೂ ಬಹಳ ವರ್ಷ ಬಾಳುತ್ತವೆ. ಮೂಲ ವೈರಿಂಗಿನ ಒಂದು ಎಳೆಯನ್ನೂ ಕತ್ತರಿಸುವ ಕಾರಣವಿಲ್ಲ, ಬೇಕೆನಿಸಿದರೆ ನಾಳೆ ಮೊದಲಿನಂತೆಯೇ ಮಾಡಬಹುದು. ಹಳೆಯ ಕಾರಿನ ಕೆಲಸದಲ್ಲಿ ನಾನು ಇದಕ್ಕೆ ಬಹಳ ಬೆಲೆ ಕೊಡುತ್ತೇನೆ.

ಪ್ರಶ್ನೆ (ವಿಜಯಪುರದಿಂದ)

ನಮ್ಮದು ಆಲ್ಟರ್ನೇಟರ್ ಇರುವ ಪ್ರೀಮಿಯರ್ ಪದ್ಮಿನಿ. ನಾಲ್ಕು ದಿನ ನಿಲ್ಲಿಸಿದರೆ ಬ್ಯಾಟರಿ ಡೌನ್ ಆಗುತ್ತದೆ. ಬ್ಯಾಟರಿ ಅಂಗಡಿಯವರು ಪರೀಕ್ಷಿಸಿ ಬ್ಯಾಟರಿ ಚೆನ್ನಾಗಿದೆ ಎಂದಿದ್ದಾರೆ.

ಉತ್ತರ

ಹಾಗಿದ್ದರೆ ಕಾರು ನಿಂತಿರುವಾಗಲೂ ಯಾವುದೋ ಒಂದು ಕರೆಂಟು ಎಳೆಯುತ್ತಿದೆ. ಅರ್ಧ ಆಂಪಿಯರ್ ಎಳೆದರೂ 36 ಆಂಪಿಯರ್ ಅವರಿನ ಬ್ಯಾಟರಿ ಮೂರು ದಿನಕ್ಕೆ ಬರಿದಾಗುತ್ತದೆ. ಎಲ್ಲ ಆಫ್ ಮಾಡಿ, ಬಾಗಿಲು ಮುಚ್ಚಿ, ನೆಗೆಟಿವ್ ಕ್ಲ್ಯಾಂಪ್ ಬಿಚ್ಚಿ, ಗೂಟಕ್ಕೂ ಕ್ಲ್ಯಾಂಪಿಗೂ ನಡುವೆ ಮೀಟರನ್ನು 10 ಆಂಪಿಯರಿಗೆ ಇಟ್ಟು ಕೂಡಿಸಿರಿ. ಮೀಟರ್ ಹೀಗೆ ಇರುವಾಗ ಕೀಲಿಯನ್ನಾಗಲಿ ಸೆಲ್ಫನ್ನಾಗಲಿ ಮುಟ್ಟಬಾರದು, ಮೀಟರ್ ಸುಡುತ್ತದೆ. ಇಂಥ ಕಾರಿನಲ್ಲಿ ಮೂಲತಃ ಎಲೆಕ್ಟ್ರಾನಿಕ್ಸ್ ಇಲ್ಲ, ಅಂಕಿ ಸೊನ್ನೆಯ ಹತ್ತಿರವೇ ಇರಬೇಕು. ಹೆಚ್ಚಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತ ಬನ್ನಿರಿ. ಯಾವುದನ್ನು ತೆಗೆದಾಗ ಅಂಕಿ ಬೀಳುತ್ತದೆಯೋ ಆ ಸಾಲಿನಲ್ಲಿ ಹುಡುಕಿರಿ. ನಂತರ ಕೂಡಿಸಿದ ಮ್ಯೂಸಿಕ್ ಸಿಸ್ಟಮ್ ಬಹಳ ಸಲ ಕಾರಣವಾಗಿರುತ್ತದೆ. ಎಲ್ಲ ಫ್ಯೂಸ್ ತೆಗೆದರೂ ಬೀಳದಿದ್ದರೆ ಆಲ್ಟರ್ನೇಟರಿನ ದಪ್ಪ ವೈರ್ ಬಿಚ್ಚಿ ನೋಡಿರಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಳಗಿನ ಡಯೋಡ್ ಕೆಟ್ಟು ಕರೆಂಟು ಹಿಂದಕ್ಕೆ ಸೋರುತ್ತಿರಬಹುದು. ಆ ವೈರಿನ ತುದಿ ಬಾಡಿಗೆ ತಾಗದಂತೆ ಎಚ್ಚರವಹಿಸಿರಿ.

ಪ್ರಶ್ನೆ (ಗೋಕಾಕದಿಂದ)

ನಮ್ಮ ಅಂಬಾಸಿಡರ್ ಜೋಳದ ಚೀಲಗಳ ಪಕ್ಕದಲ್ಲಿ ನಿಂತಿತ್ತು, ಇಲಿಗಳು ಡ್ಯಾಶ್‌ಬೋರ್ಡಿನ ಕೆಳಗಿನ ವೈರುಗಳನ್ನು ಕಡಿದಿವೆ. ಜೋಡಿಸಿ ಟೇಪ್ ಸುತ್ತಿಸಿದೆವು, ಈಗ ಫ್ಯೂಸ್ ಹಾಕಿದ ತಕ್ಷಣ ಸುಡುತ್ತಿದೆ. 35 ಆಂಪಿಯರಿನ ಫ್ಯೂಸನ್ನೇ ಹಾಕಿದ್ದೇವೆ.

ಉತ್ತರ

ಮೊದಲು ಫ್ಯೂಸಿನ ಮಾತು. ಹಳೆಯ ಲೂಕಸ್ ಗಾಜಿನ ಫ್ಯೂಸಿನ ಮೇಲೆ 35 ಎಂದು ಬರೆದಿದ್ದರೆ ಅದು ಸುಡುವ ಕರೆಂಟು. ಸತತವಾಗಿ ಅದು ತಾಳುವುದು ಸುಮಾರು 17 ಆಂಪಿಯರ್ ಮಾತ್ರ. ಈಗಿನ ಅಂಗಡಿಯಲ್ಲಿ 35 ಎಂದು ಕೇಳಿ ತಂದರೆ ಅದು 35ನ್ನೂ ಸತತ ತಾಳುತ್ತದೆ, ಫ್ಯೂಸಿಗಿಂತ ಮೊದಲು ವೈರೇ ಉರಿಯುತ್ತದೆ. ನಿಮ್ಮ ಕಾರಿಗೆ 15 ಆಂಪಿಯರಿನದು ಸಾಕು. ಅಷ್ಟು ದೊಡ್ಡ ಫ್ಯೂಸನ್ನೂ ತಕ್ಷಣ ಸುಡುವಂಥ ಶಾರ್ಟ್ ಇರುವಾಗ ಒಂದರ ಮೇಲೊಂದು ಹೊಸದನ್ನು ಹಾಕುತ್ತ ಹೋಗುವುದು ಅಪಾಯ.

ಬರೀ ತಿರುವಿ ಟೇಪ್ ಸುತ್ತಿದ ಜೋಡಣೆ ನಮ್ಮ ಬೇಸಿಗೆಯಲ್ಲಿ ನಿಲ್ಲುವುದಿಲ್ಲ. ಟೇಪಿನ ಅಂಟು ಕರಗಿ ಸುರುಳಿ ಬಿಚ್ಚಿಕೊಳ್ಳುತ್ತದೆ, ಬೆತ್ತಲೆ ತಾಮ್ರ ತಗಡಿಗೆ ತಾಗುತ್ತದೆ. ವೈರನ್ನು ಬೆರಳಿನಲ್ಲಿ ಬಾಗಿಸಿ ನೋಡಿರಿ. ಹೊದಿಕೆ ಮೆತ್ತಗಿದ್ದರೆ ಕಡಿದಲ್ಲಿ ಮಾತ್ರ ಅದೇ ಬಣ್ಣದ, ಅದೇ ದಪ್ಪದ ತುಂಡು ಸೇರಿಸಿ, ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಸ್ಲೀವ್ ಹಾಕಿಸಿರಿ. ಬಾಗಿಸಿದರೆ ಹೊದಿಕೆ ಚೂರುಚೂರಾಗಿ ಉದುರುವಂತಿದ್ದರೆ ಆ ಕಟ್ಟನ್ನು ಪೂರ್ತಿ ಬದಲಿಸಬೇಕು.

ಶಾರ್ಟ್ ಹುಡುಕುವುದಕ್ಕೆ ಫ್ಯೂಸಿನ ಜಾಗದಲ್ಲಿ ಎರಡು ವೈರ್ ಹಿಡಿಸಿದ 21 ವ್ಯಾಟಿನ ಬ್ರೇಕ್ ಬಲ್ಬನ್ನು ಕೂಡಿಸಿರಿ. ಶಾರ್ಟ್ ಇರುವವರೆಗೆ ಬಲ್ಬ್ ಪೂರ್ತಿ ಬೆಳಗುತ್ತದೆ, ಆದರೆ ಕರೆಂಟು ಎರಡು ಆಂಪಿಯರನ್ನು ಮೀರದ ಕಾರಣ ವೈರ್ ಸುಡುವುದಿಲ್ಲ. ಆ ಫ್ಯೂಸಿನ ಸಾಲಿನ ಸ್ವಿಚ್ಚುಗಳನ್ನೆಲ್ಲ ಆಫ್ ಮಾಡಿ, ಇಲಿ ಕಡಿದ ಜಾಗದಿಂದ ಆರಂಭಿಸಿ ವೈರಿನ ಕಟ್ಟನ್ನು ಗೇಣು ಗೇಣಾಗಿ ಅಲುಗಾಡಿಸುತ್ತ ಬನ್ನಿರಿ. ಯಾವ ಜಾಗದಲ್ಲಿ ಕೈಯಿಟ್ಟಾಗ ಬಲ್ಬ್ ಆರುತ್ತದೆಯೋ ಅಲ್ಲಿಯ ಟೇಪನ್ನು ಬಿಚ್ಚಿ ನೋಡಿರಿ.