ಖಾಲಿ ಬಲೆಗೂ ಪತಂಗ ಬೀಳುತ್ತಿದೆ, ಎಲ್ಲಿ ತಪ್ಪಾಯಿತು?

ಹೊಲದಂಚು: ಎರಡು ವಾರದಿಂದ ತಲೆ ಕೆಟ್ಟುಹೋಗಿದೆ. ಕಾಯಿಕೊರಕ ಹೆಲಿಕೊವರ್ಪ ಆರ್ಮಿಜೆರಾಕ್ಕೆ ಲೂರ್ (ಹೆಣ್ಣು ಪತಂಗದ ವಾಸನೆ, ಅಂದರೆ ಫೆರಮೋನ್, ಹಾಕಿ ಗಂಡನ್ನು ಬಲೆಗೆ ಸೆಳೆಯುವ ಆಮಿಷ) ಪರೀಕ್ಷೆ ಮಾಡುತ್ತಿದ್ದೇನೆ. ಅದರಲ್ಲಿರುವುದು ಎರಡು ಆಲ್ಡಿಹೈಡ್, ಜೆಡ್11 ಮತ್ತು ಜೆಡ್9 ಹೆಕ್ಸಾಡೆಸೆನಾಲ್. 97:3, 90:10, 80:20 ಮೂರು ಮಿಶ್ರಣ. ಜೊತೆಗೆ ಬರೀ ಹೆಕ್ಸೇನ್ (ವಾಸನೆ ಕರಗಿಸುವ ದ್ರಾವಕ) ಹಾಕಿದ ಒಂದು ಖಾಲಿ ಬಲೆ. ಈ ಜಾತಿಯ ಹೆಣ್ಣಿನ ವಾಸನೆಯಲ್ಲಿ ಜೆಡ್9 ತುಸುವೇ ಇರುವುದು, ಹಾಗಾಗಿ 80:20ಕ್ಕೆ ಕಮ್ಮಿ ಬೀಳಬೇಕಲ್ವಾ? ಎಲ್ಲದಕ್ಕೂ ಹೆಚ್ಚುಕಮ್ಮಿ ಒಂದೇ ಲೆಕ್ಕ. ನಿನ್ನೆ ಖಾಲಿ ಬಲೆಗೂ 4 ಬಿದ್ದಿವೆ! ನಾನಂತೂ ಎಲ್ಲ ಸರಿಯಾಗೇ ಮಾಡಿದ್ದೇನೆ.

ರಾತ್ರಿದೀಪ: ಲೂರ್ ಹಳಸಿದೆ. ಆಲ್ಡಿಹೈಡ್ ಗಾಳಿಗೆ ಆಮ್ಲವಾಗಿಬಿಡುತ್ತದೆ. ಅದನ್ನು ತಡೆಯುವ ಬಿಎಚ್‌ಟಿ ಸೇರಿಸಿದ್ದಿರಾ? ಫ್ರೀಜರ್‌ನಲ್ಲಿ ಇಟ್ಟಿದ್ದಿರಾ?

ಹೊಲದಂಚು: ಎರಡೂ ಹೌದು.

ರಾತ್ರಿದೀಪ: ಹಾಗಾದರೆ ಸೆಪ್ಟಾಗೆ (ವಾಸನೆ ಹೀರಿಸಿಡುವ ರಬ್ಬರ್ ಬಿರಡೆ) ಹಾಕುವಾಗ ಬಿಸಿಲು ಬಿದ್ದಿರಬೇಕು. ನನಗೂ ಹಾಗೇ ಆಗಿತ್ತು.

ಎಲೆಹುಳ: ಸರ್, ಹಳಸಿದ್ದರೆ ಎಲ್ಲದಕ್ಕೂ ಕಮ್ಮಿ ಬೀಳಬೇಕಿತ್ತು. ಖಾಲಿ ಬಲೆಗೆ ಯಾಕೆ ಬೀಳುತ್ತದೆ? ಬಲೆಗಳ ನಡುವೆ ಎಷ್ಟು ಅಂತರ?

ಹೊಲದಂಚು: 6 ಮೀಟರ್. ಹೊಲ ಚಿಕ್ಕದು.

ಎಲೆಹುಳ: ತೀರಾ ಹತ್ತಿರವಾಯಿತು. ಗಂಡು ಪತಂಗ ವಾಸನೆಯ ಎಳೆ ಹಿಡಿದು ಗಾಳಿಗೆ ಎದುರಾಗಿ ಅಂಕುಡೊಂಕಾಗಿ ಬರುತ್ತದೆ. 6 ಮೀಟರಿನಲ್ಲಿ ಎಳೆಗಳೆಲ್ಲ ಕಲೆತುಹೋಗುತ್ತವೆ.

ಕಂಬಳಿಹುಳ: ಡೆಲ್ಟಾ ಬಲೆನಾ, ಒಳಗೆ ಅಂಟು ಇರುವ ತ್ರಿಕೋನದ್ದು? ಇಷ್ಟು ದೊಡ್ಡ ಪತಂಗಕ್ಕೆ ಅದು ಆಗಲ್ಲ. ರೆಕ್ಕೆಯ ಹುಡಿ ಮೆತ್ತಿ ಅಂಟೇ ಹೋಗುತ್ತದೆ. ನನ್ನ ಹತ್ತಿರ ಇರುವುದು ಫನೆಲ್ ಬಲೆ, ಆಲಿಕೆಯೊಳಗಿಂದ ಪತಂಗ ಕೆಳಗೆ ಬೀಳುವಂಥದ್ದು.

ರಾತ್ರಿದೀಪ: ಫನೆಲ್‌ನಲ್ಲಿ ರೆಕ್ಕೆ ಬಡಿದುಕೊಂಡು ಹುಡಿಯೆಲ್ಲ ಉದುರುತ್ತದೆ. ಆಮೇಲೆ ಯಾವ ಜಾತಿ ಅಂತ ಗುರುತಿಸುವುದೇ ಕಷ್ಟ.

ಕಂಬಳಿಹುಳ: ದಿನಾ ಬೆಳಿಗ್ಗೆ ನೋಡಿದರೆ ಏನೂ ಆಗಲ್ಲ.

ಹೊಲದಂಚು: ನಂದೂ ಫನೆಲ್ಲೇ. ಕಳೆದ ಬೆಳೆಗೆ ಇದೇ ಲೂರ್ ಹಾಕಿದ್ದ ಬಲೆಗಳು. ಸೋಪು ಹಾಕಿ ತೊಳೆದಿದ್ದೇನೆ.

ಎಲೆಹುಳ: ಇದನ್ನ ಮೊದಲೇ ಹೇಳಬೇಕಿತ್ತು! ಪ್ಲಾಸ್ಟಿಕ್ ಫೆರಮೋನ್ ಹೀರಿಕೊಂಡು ನಿಧಾನವಾಗಿ ಬಿಡುತ್ತಾ ಇರುತ್ತದೆ. ಸೋಪಿಗೆ ಪೂರ್ತಿ ಹೋಗಲ್ಲ. ಲೂರ್ ಹಾಕುವಾಗ ಕೈಗವಸು ಬದಲಿಸಿದ್ದಿರಾ?

ಹೊಲದಂಚು: ಇಲ್ಲ, ನಾಲ್ಕಕ್ಕೂ ಒಂದೇ ಜೊತೆ.

ಎಲೆಹುಳ: ಹಾಗಿದ್ದರೆ ನಿಮ್ಮ ಖಾಲಿ ಬಲೆ ಖಾಲಿಯೇ ಅಲ್ಲ. ನಾಲ್ಕೂ ಹೊಸ ಬಲೆ ತನ್ನಿ. ಖಾಲಿಯದನ್ನು ಮೊದಲು ಕಟ್ಟಿ, ಒಂದೊಂದು ಮಿಶ್ರಣಕ್ಕೂ ಬೇರೆ ಕೈಗವಸು ಹಾಕಿ. ನಡುವೆ 50 ಮೀಟರ್ ಆದರೂ ಇರಲಿ. ಎಣಿಸಿದಾಗೆಲ್ಲ ಜಾಗ ಅದಲುಬದಲು ಮಾಡಿ. ಅನುಪಾತಕ್ಕೆ ಬೆಲೆ ಇಲ್ಲ ಅಂತ ಈಗಲೇ ತೀರ್ಮಾನಿಸಬೇಡಿ. ಇದರ ಹತ್ತಿರದ ಜಾತಿ ಹೆಲಿಕೊವರ್ಪ ಅಸಲ್ಟಾಗೂ ಇದೇ ಎರಡು ವಾಸನೆ, ಆದರೆ ಅದಕ್ಕೆ ಜೆಡ್9 ಜಾಸ್ತಿ ಬೇಕು.

ಹೊಲದಂಚು: ಪಕ್ಕದ ಹೊಲದವರನ್ನು ಕೇಳಿ ಎರಡು ಬಲೆ ಅಲ್ಲಿ ಕಟ್ಟುತ್ತೇನೆ. ಹಳೇ ಲೆಕ್ಕ ಪೂರ್ತಿ ಬಿಟ್ಟುಬಿಡಲಾ?

ಎಲೆಹುಳ: ಬಿಡಿ ಸರ್. ಮೊದಲಿಂದ ಶುರು ಮಾಡಿ.

ರಾತ್ರಿದೀಪ: ಆದರೂ ಆ ಸೆಪ್ಟಾಗೆ ಬಿಸಿಲು ಬಿದ್ದಿತ್ತಾ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ.